ಮೊಣಕೈ ಎತ್ತಿ ತೆಗೆಯುವ ಬೀಜ

ಗೋಪುರ ಬಿದ್ದ ಕೂಡಲೇ ಎಲ್ಲರೂ ಗೊಳ್ಳಂತ ನಗುತ್ತಿದ್ದರು. ಆ ಮಳೆಗಾಲದಲ್ಲಿ ನನ್ನ ತಲೆನೋವೆಲ್ಲ ಅದೇ ಆಗಿತ್ತು. ಹೆದರಿಸಬೇಕಾದ ಆಟ ಕಣ್ರೀ ಅದು. ಜನ ಹೆದರುವುದು ಬಿಟ್ಟು ಹಲ್ಲು ಕಿರಿಯುತ್ತಾ ಕೂತರೆ ಮಾಡಿದವನಿಗೆ ಮೈ ಉರಿಯುವುದಿಲ್ಲವೇ?

ಎರಡು ಸಾವಿರದ ಆರೋ ಏಳೋ ಇರಬೇಕು. ನಂಜನಗೂಡಿನ ರೈಲ್ವೆ ಸ್ಟೇಷನ್ ಕಡೆಯ ಒಂದು ಶೆಡ್ಡಿನಲ್ಲಿ ನಾವು ಮರದ ಆಟದ ಸಾಮಾನು ಮಾಡುತ್ತಿದ್ದೆವು. ಅಳಗುಳಿಮಣೆ, ಚೌಕಾಬಾರದ ಹಲಗೆ, ಶಾಲೆಗಳಿಗೆ ಮಣಿಚೌಕಟ್ಟು. ಡಬ್ಬಿಯೊಳಗೆ ‘ಆಡುವ ಕ್ರಮ’ ಅಂತ ಒಂದು ಚೀಟಿ ಇರುತ್ತದಲ್ಲ, ಅದನ್ನು ಬರೆಯುವವನು ನಾನು. ಬರೆದದ್ದನ್ನು ಯಾರಾದರೂ ತಪ್ಪಾಗಿ ಓದಿಕೊಂಡು ಆಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಹಾಗಾಗಿ ಶೆಡ್ಡಿನಲ್ಲಿ ಯಾರೂ ನನ್ನೆದುರು ಆಟಕ್ಕೆ ಕೂರುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಆಟಗಳ ಅಂಗಡಿ ಇಟ್ಟಿದ್ದ ಒಬ್ಬ ಮೇಡಂ ಬಂದು ಹೊರದೇಶದ ಒಂದು ಆಟ ತೋರಿಸಿದರು. ಹಲಗೆ ಇಲ್ಲ, ಕಾಯಿ ಇಲ್ಲ. ಒಬ್ಬ ಭಯದ ಕಥೆ ಹೇಳುತ್ತಾ ಹೋಗುತ್ತಾನೆ, ಸುತ್ತ ಕೂತವರು ಒಬ್ಬೊಬ್ಬರೂ ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯ. ಕಥೆ ಹೇಳುವವನು ಬಾಗಿಲು ತೆಗೀತೀಯಾ ಅಂತ ಕೇಳುತ್ತಾನೆ. ತೆಗೀತೀನಿ ಅಂದವನು ಎದುರಿಗಿಟ್ಟ ಮರದ ತುಂಡುಗಳ ಗೋಪುರದಿಂದ ಒಂದು ತುಂಡು ಎಳೆಯಬೇಕು. ಗೋಪುರ ನಿಂತರೆ ಕಥೆಯೊಳಗೆ ಅವನು ಬದುಕಿದ, ಬಿದ್ದರೆ ಸತ್ತ. ಸತ್ತವನು ಆಟ ಬಿಟ್ಟು ಎದ್ದು ಹೋಗಬೇಕು. ಮೇಡಂಗೆ ಇಂಥ ಗೋಪುರಗಳು ಬೇಕಿದ್ದವು. ಜೊತೆಗೆ, ನಮ್ಮ ನೆಲದ್ದೇ ಆದ ಒಂದು ಭಯದ ಆಟ ಮಾಡಿಕೊಟ್ಟರೆ ಅದನ್ನೂ ತಗೋತೀನಿ ಅಂದರು. ಶೆಡ್ಡಿನ ಯಜಮಾನರು ನನ್ನನ್ನೂ ಲೇತ್ ಕೆಲಸದವನನ್ನೂ ಅದಕ್ಕೆ ಹಚ್ಚಿದರು.

ಲೇತ್ ಕೆಲಸದವನು ನನ್ನ ಗೆಳೆಯ. ಟಿ. ನರಸೀಪುರದವನು, ದಿನಾ ಬೆಳಗ್ಗೆ ಬಸ್ಸಿನಲ್ಲಿ ಬರುವವನು. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಟ್ಟಿಗೇ ಫೇಲಾದವರು ನಾವು. ಅವನ ಕೈ ಎಂಥದ್ದು ಅಂದರೆ, ಅಳತೆ ಹಿಡಿಯದೆ ಹತ್ತು ಮಣಿ ಕಡೆದರೂ ಹತ್ತೂ ಒಂದೇ ತೂತಿನಲ್ಲಿ ತೂರುತ್ತಿದ್ದವು. ನಾನು ಎಷ್ಟು ಕೂಗಾಡಿದರೂ ಅವನು ಮರದ ಪುಡಿ ಊದಿಕೊಂಡು ಸುಮ್ಮನೆ ನಗುತ್ತಿದ್ದ.

ಗೋಪುರಕ್ಕೆ ಹಾಲೆ ಮರ ಕೊಯ್ದು, ಉಪ್ಪುಕಾಗದದಲ್ಲಿ ಉಜ್ಜಿ ಐವತ್ತು ಚಿಲ್ಲರೆ ತುಂಡು ಮಾಡಿದೆವು. ಮಳೆಯ ತೇವಕ್ಕೆ ಅವು ಉಬ್ಬಿಕೊಂಡವು, ಒಂದನ್ನು ಎಳೆದರೆ ಮೂರು ಬರುತ್ತಿದ್ದವು. ಇನ್ನಷ್ಟು ಉಜ್ಜಿದೆವು. ಬಿಸಿಲು ಬಿದ್ದ ದಿನ ಮುಟ್ಟುವ ಮೊದಲೇ ಜಾರಿದವು. ಗೆಳೆಯ ಒಂದೊಂದು ಸಾಲಿಗೆ ಒಂದೊಂದು ತುಂಡನ್ನು ಮಾತ್ರ ಕೂದಲೆಳೆಯಷ್ಟು ತೆಳ್ಳಗೆ ಮಾಡಿ ಅದನ್ನೇನೋ ಸರಿಮಾಡಿದ. ಆದರೆ ಆ ನಗುವಿಗೆ ಏನು ಮಾಡುವುದು? ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರೆಲ್ಲ ದಢಾರ್ ಅನ್ನುವ ಸದ್ದಿಗೆ ಬಿಟ್ಟುಹೋಗುತ್ತಿತ್ತು. ದೊಡ್ಡ ಸದ್ದು ಮನುಷ್ಯನನ್ನು ಬೆಚ್ಚಿಬೀಳಿಸುತ್ತದೆ, ಹೆದರಿಸುವುದಿಲ್ಲ. ಇದು ನನಗೆ ಅರ್ಥವಾಗುವುದಕ್ಕೇ ಒಂದು ತಿಂಗಳು ಹಿಡಿಯಿತು.

ದಾರಿ ತೋರಿಸಿದ್ದು ಅವನೇ. ಅಳಗುಳಿಮಣೆಯ ಡಬ್ಬಿಗೆ ಹಾಕಲು ನಮ್ಮಲ್ಲಿ ಮೂಟೆಗಟ್ಟಲೆ ಹುಣಸೆ ಬೀಜ ಇರುತ್ತಿತ್ತು. ಒಂದು ದಿನ ಊಟವಾದ ಮೇಲೆ ಅವನು ಒಂದು ಹಿತ್ತಾಳೆ ತಟ್ಟೆಗೆ ಮೂರು ಹಿಡಿ ಬೀಜ ಸುರಿದುಕೊಂಡು, ಪಕ್ಕದ್ದು ಅಲುಗದ ಹಾಗೆ ಬೆರಳ ತುದಿಯಲ್ಲಿ ಒಂದೊಂದನ್ನೇ ತೆಗೆಯುತ್ತಿದ್ದ. ಚಿಕ್ಕಂದಿನಲ್ಲಿ ಎಲ್ಲರೂ ಆಡಿರುವುದೇ. ನಾನು ಮರುಬರೆದ ಚೀಟಿ ಹರಿದು ಬಿಸಾಕುತ್ತಾ ಗೊಣಗುತ್ತಿದ್ದೆ. ಆಗ ರಾಶಿಯೊಳಗಿಂದ ಒಂದು ಬೀಜ ಜಾರಿ ತಟ್ಟೆಗೆ ಟಿಕ್ ಅಂತ ತಾಗಿತು. ಇಡೀ ಶೆಡ್ಡಿನಲ್ಲಿ ಆ ಸದ್ದೊಂದೇ ಇದ್ದ ಹಾಗಿತ್ತು.

“ಅದ್ಯಾಕ್ಲಾ ಗೋಪುರ ಕಟ್ಕಂಡು ಒದ್ದಾಡ್ತಿದ್ದೀಯೆ,” ಅಂದ ಅವನು. “ಇದು ಸಾಕಲ್ಲ.”

ಅಲ್ಲಿಂದ ಮುಂದೆ ನಮಗೆ ಹುಚ್ಚು ಹಿಡಿಯಿತು. ಹೊಸ ಬೀಜ ನುಣ್ಣಗೆ, ಬೇಗ ಜಾರುತ್ತದೆ. ಎರಡು ವರ್ಷದ ಹಳೇ ಬೀಜ ಒಂದಕ್ಕೊಂದು ಅಂಟಿಕೊಂಡು ಕೂರುತ್ತದೆ. ಎರಡನ್ನೂ ಬೆರೆಸಿ, ಚೂರು ಬೂದಿ ಹಚ್ಚಿ ಒರೆಸಿದರೆ ಸರಿಹೋಗುತ್ತದೆ ಅಂತ ಗೊತ್ತಾಯಿತು. ಸ್ಟೀಲ್ ತಟ್ಟೆ ಗುಂಯ್ ಅಂತ ಬಹಳ ಹೊತ್ತು ಗುನುಗುತ್ತಿತ್ತು, ಅಲ್ಯೂಮಿನಿಯಂ ಸತ್ತ ಸದ್ದು, ಹಿತ್ತಾಳೆಯೇ ಸರಿ. ಹತ್ತಿರದಲ್ಲಿ ರೈಲು ಹೋದಾಗೆಲ್ಲ ತಟ್ಟೆ ತಾನಾಗಿಯೇ ನಡುಗಿ ಆಟ ಕೆಡುತ್ತಿತ್ತು. ಅಡಿಗೆ ಕಂಬಳಿ ಮಡಿಸಿ ಹಾಕಿ ನೋಡಿದೆವು, ಪೂರ್ತಿ ಹೋಗಲಿಲ್ಲ. ಕೊನೆಗೆ ಆಟ ಆಡಿ ನೋಡುವುದನ್ನೆಲ್ಲ ಭಾನುವಾರ ಮಧ್ಯಾಹ್ನ ನರಸೀಪುರದ ಅವನ ಮನೆಗೆ ಸಾಗಿಸಿದೆವು.

ಕಥೆಯೂ ಆ ಕಡೆಯದೇ ಸಿಕ್ಕಿತು. ಮುಡುಕುತೊರೆಯಿಂದಾಚೆ, ಹೊಳೆ ದಂಡೆಯ ಮರಳೊಳಗೆ ಹೂತುಹೋದ ಒಂದು ಮನೆ. ಅದರೊಳಗಿಂದ ಒಬ್ಬ ಹೆಂಗಸು ಕರೆಯುತ್ತಿದ್ದಾಳೆ, ಪ್ರತಿಯೊಬ್ಬರಿಗೂ ಅವರವರ ಮನೆಯವರ ದನಿಯಲ್ಲಿ ಕೇಳಿಸುತ್ತದೆ. ಮೂವರು ಅಗೆದುಕೊಂಡು ಒಳಗೆ ಹೋಗುತ್ತಾರೆ. ಒಂದು ಹೆಜ್ಜೆಗೆ ಒಂದು ಬೀಜ. ತಟ್ಟೆ ಸದ್ದಾದರೆ ಮರಳು ಕುಸಿಯಿತು ಅಂತ ಅರ್ಥ. ಸದ್ದಾಯಿತೋ ಇಲ್ಲವೋ ಅಂತ ಮಾತ್ರ ಬೇರೆ ಯಾರೂ ಹೇಳುವ ಹಾಗಿಲ್ಲ, ಬೀಜ ತೆಗೆದವನೇ ಹೇಳಬೇಕು. ಅವನು ಹೇಳುವವರೆಗೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ನಾನು ಬರೆದ ನಿಯಮಗಳಲ್ಲೆಲ್ಲ ಇದರ ಮೇಲೆ ನನಗೆ ಹೆಚ್ಚು ಹೆಮ್ಮೆ. ಉಳಿದವರು ಅವನ ಮುಖವನ್ನೇ ನೋಡುತ್ತಾ ಕೂತಿರುತ್ತಾರೆ, ಕೇಳಿಸಿತಾ ಇಲ್ಲವಾ ಅಂತ ತಮ್ಮ ಕಿವಿಯನ್ನೇ ಅನುಮಾನಿಸುತ್ತಾ. ಅಲ್ಲಿ ಯಾರಿಗೂ ನಗು ಬರುವುದಿಲ್ಲ.

ಕಥೆ ಹೇಳುವವನು ನಾನು, ಆಡುವವರು ಮೂವರು. ಗೆಳೆಯ ಕಥೆಯೊಳಗೆ ದೀಪ ಹಿಡಿದು ಮುಂದೆ ಹೋಗುವವನು. ನಂಜನಗೂಡಿನ ಒಂದು ಆಸ್ಪತ್ರೆಯ ನರ್ಸಮ್ಮ, ಕಳಲೆ ಊರಿನವರು, ಧೈರ್ಯಸ್ಥೆ. ಮೂರನೆಯವರು ನರಸೀಪುರದ ಸೈನ್ಸ್ ಮೇಷ್ಟ್ರು. ಮರಳು ಹಾಗೆಲ್ಲ ಗೋಡೆಯಂತೆ ನಿಲ್ಲುವುದಿಲ್ಲ ಅಂತ ಮೊದಲ ದಿನವೇ ಕೊಕ್ಕೆ ತೆಗೆದು ನನ್ನಿಂದ ಬೈಸಿಕೊಂಡರು. ಊಟ ಮುಗಿಸಿ, ಕಿಟಕಿಗೆ ಗೋಣಿಚೀಲ ಕಟ್ಟಿ, ಒಂದು ಎಣ್ಣೆದೀಪ ಹಚ್ಚಿ ಕೂರುತ್ತಿದ್ದೆವು. ಗೆಳೆಯನ ಹೆಂಡತಿ ಕಾಫಿ ತಂದಿಟ್ಟು, ಹಾಡುಹಗಲಲ್ಲಿ ಇವರಿಗೇನು ಬಂತು ಅಂತ ನಗುತ್ತಾ ಹೋಗುತ್ತಿದ್ದಳು. ನರ್ಸಮ್ಮನಿಗೆ ರಾತ್ರಿ ಡ್ಯೂಟಿ, ನಮಗೆ ಹಗಲೇ ಗತಿ.

ಆಟ ಚೆನ್ನಾಗಿತ್ತು. ಒಂದೇ ಒಂದು ತೊಂದರೆ, ಅದು ನನ್ನ ಗೆಳೆಯ. ಅವನು ಕೂತರೆ ತಟ್ಟೆ ಸದ್ದೇ ಆಗುತ್ತಿರಲಿಲ್ಲ. ಮೇಷ್ಟ್ರು, ನರ್ಸಮ್ಮ ಇಬ್ಬರೂ ಮರಳಲ್ಲಿ ಹೂತುಹೋದರೂ ಇವನು ಆರಾಮಾಗಿ ದೀಪ ಹಿಡಿದುಕೊಂಡು ಕೊನೇ ಬಾಗಿಲ ತನಕ ಹೋಗಿಬಿಡುತ್ತಿದ್ದ. ಒಬ್ಬನಿಗೆ ಏನೂ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಭಯ ಎಲ್ಲಿಂದ ಬರಬೇಕು? ಅವನು ತೆಗೆಯುವುದನ್ನು ನಾಲ್ಕು ವಾರ ಗಮನಿಸಿದೆ. ಲೇತಿನಲ್ಲಿ ಮಾಡುವ ಹಾಗೇ ಮೊಣಕೈಯನ್ನು ನೆಲಕ್ಕೆ ಊರಿ, ಬೆರಳನ್ನು ಮಾತ್ರ ಆಡಿಸುತ್ತಿದ್ದ. ಆ ಊರುಗೋಲು ತೆಗೆದುಬಿಟ್ಟರೆ? ಹೊಸ ನಿಯಮ ಬರೆದೆ: ಸದ್ದಾಗದೆ ಐದು ಬೀಜ ತೆಗೆದವರು ಆರನೆಯದರಿಂದ ಮೊಣಕೈ ಎತ್ತಿಯೇ ತೆಗೆಯಬೇಕು.

ಓದಿ ಹೇಳಿದಾಗ ಮೇಷ್ಟ್ರು ಇದು ಅವನೊಬ್ಬನಿಗೆ ಹಾಕಿದ ಬಲೆ ಅಂದರು. ಹೌದು, ಏನೀಗ ಅಂದೆ. ಗೆಳೆಯ ಆಗಲೂ ನಕ್ಕ. ಮೊದಲೆರಡು ವಾರ ಮೊಣಕೈ ಎತ್ತಿಯೂ ಲೀಲಾಜಾಲವಾಗಿ ತೆಗೆದ. ಮೂರನೇ ವಾರ ಏಳನೇ ಬೀಜಕ್ಕೆ ಬೆರಳಿಟ್ಟವನು ಹಾಗೇ ನಿಂತುಬಿಟ್ಟ. ನನಗೆ ಏನೂ ಕೇಳಿಸಲಿಲ್ಲ. ನರ್ಸಮ್ಮನಿಗೂ ಕೇಳಿಸಲಿಲ್ಲವಂತೆ. ಅವನು ಕೈ ಹಿಂದಕ್ಕೆ ತಗೊಂಡು, “ಸದ್ದಾಯ್ತು,” ಅಂದ.

ಅಯ್ಯೋ, ನನ್ನ ಸಂತೋಷ ಏನು ಹೇಳಲಿ. ಎದ್ದು ಅವನ ಬೆನ್ನಿಗೆ ಗುದ್ದಿದೆ. ನೋಟ್‌ಬುಕ್ಕಿನಲ್ಲಿ ಆವತ್ತಿನ ಸಾಲಿಗೆ ಕೆಂಪು ಇಂಕಿನಲ್ಲಿ ಸರಿ ಗುರುತು ಹಾಕಿ, ‘ನಿಯಮ ಫಲಿಸಿತು’ ಅಂತ ಬರೆದೆ.

ಅಲ್ಲಿಂದ ಆಟ ಬೇರೆಯೇ ಆಯಿತು. ಅವನು ವಾರವಾರವೂ ಸೋಲತೊಡಗಿದ. ಒಮ್ಮೆ ಒಂಬತ್ತಕ್ಕೆ, ಒಮ್ಮೆ ಆರಕ್ಕೆ. ಯಾರ ಕೈ ಅಲುಗುವುದೇ ಇಲ್ಲ ಅಂತ ನಂಬಿದ್ದೆವೋ ಅವನ ಬೆರಳು ರಾಶಿಯ ಮೇಲೆ ಸಣ್ಣಗೆ ಅದುರುವುದನ್ನು ನೋಡಿದರೆ ಕಥೆ ಹೇಳುವ ನಾನೇ ಮುಂದಿನ ಸಾಲು ಮರೆಯುತ್ತಿದ್ದೆ. ಮೇಷ್ಟ್ರು ಕೊಕ್ಕೆ ತೆಗೆಯುವುದು ಬಿಟ್ಟರು. ಒಂದು ಭಾನುವಾರ ಬೆಂಗಳೂರಿನ ಮೇಡಂ ಬಂದು ಕೂತು ನೋಡಿದರು. ಹೊರಡುವಾಗ, ನಿಮ್ಮ ಆ ದೀಪದವರು ಎಷ್ಟು ಚೆನ್ನಾಗಿ ಭಯಪಡ್ತಾರೆ, ನಮ್ಮ ಕಂಪನಿಯ ಪಾಲುದಾರರ ಮುಂದೆ ಆಡಿ ತೋರಿಸುವಾಗ ಅವರು ಇರಲೇಬೇಕು ಅಂದರು. ಒಂದೂವರೆ ತಿಂಗಳ ನಂತರದ ಒಂದು ಶನಿವಾರ ಗೊತ್ತಾಯಿತು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ನಾನು ಅವನಿಗೆ ಹೇಳಿದ್ದು ನೆನಪಿದೆ. ಆ ನಡುಕ ಎಷ್ಟು ಚೆನ್ನಾಗಿ ತರ್ತೀಯ ಕಣೋ, ಇನ್ನೂ ಸ್ವಲ್ಪ ಜಾಸ್ತಿ ಮಾಡು ಅಂದೆ. ಅವನು ಆಗಲಿ ಅಂದ.

ಇದನ್ನು ಬರೆಯುವಾಗ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನರ್ಸಮ್ಮ ಮೊದಲು ಕಂಡುಹಿಡಿದದ್ದು. ಆ ಮುಂದಿನ ಭಾನುವಾರ ನರಸೀಪುರದಿಂದ ವಾಪಸು ಬರುವ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತರು. ದೀಪದ ಬೆಳಕಲ್ಲಿ ನಿಮ್ಮ ಗೆಳೆಯರ ಕೈ ನೋಡಿದ್ರಾ ಅಂತ ಕೇಳಿದರು. ನೋಡದೆ ಏನು, ಅದನ್ನೇ ತಾನೇ ನೋಡ್ತಿರೋದು ಅಂದೆ. ಅವರು ತಮ್ಮ ಬಲಗೈ ಚಾಚಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರುವ ಮಾಂಸದ ಉಬ್ಬನ್ನು ಒತ್ತಿ ತೋರಿಸಿದರು.

“ಇಲ್ಲಿ ಅವ್ರಿಗೆ ಗುಳಿ ಬಿದ್ದಿದೆ ಅಣ್ಣ. ತೋಳಲ್ಲಿ ಮಾಂಸ ತಾನಾಗೇ ಅದುರ್ತಾ ಇದೆ. ಅದು ನಟನೆ ಅಲ್ಲ. ಬೇಗ ದೊಡ್ಡ ಡಾಕ್ಟ್ರಿಗೆ ತೋರ್ಸಿ.”

ಸೋಮವಾರ ಲೇತಿನ ಹತ್ತಿರ ಹೋಗಿ ನಿಂತು ನೋಡಿದೆ. ಅವನು ಉಳಿಯನ್ನು ಎರಡು ಕೈಯಲ್ಲಿ ಹಿಡಿದಿದ್ದ, ಮೊದಲು ಹಾಗೆ ಹಿಡಿಯುತ್ತಿರಲಿಲ್ಲ. ಕೆಳಗೆ ಬುಟ್ಟಿಯಲ್ಲಿ ಕೆಟ್ಟ ಮಣಿಗಳ ಮೇಲೆ ಮರದ ಪುಡಿ ಮುಚ್ಚಿಟ್ಟಿದ್ದ. ಏನೋ ಇದು ಅಂದೆ. ಮೆಷಿನ್ ಅದುರ್ತದೆ ಕಣ್ಲಾ, ಆಟ ಒಪ್ಕಳ್ಳೋಗಂಟ ಬುಡು ಅಂದ. ನನಗೆ ಒಳಗೊಳಗೇ ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಲಿ, ಆಟ ಒಪ್ಪಿಕೊಳ್ಳುವ ತನಕ ಏನೂ ಆಗದಿದ್ದರೆ ಸಾಕು ಅಂತ ನನ್ನ ಮನಸ್ಸಿನಲ್ಲೂ ಇತ್ತು. ಹತ್ತು ದಿನ ಸುಮ್ಮನಿದ್ದೆ. ನರ್ಸಮ್ಮ ಶೆಡ್ಡಿಗೇ ಬಂದು ನನಗೆ ಛೀಮಾರಿ ಹಾಕಿದ ಮೇಲೆ ಅವನನ್ನು ಮೈಸೂರಿಗೆ ಕರೆದುಕೊಂಡು ಹೋದೆ.

ತೋಳಿಗೆ, ತೊಡೆಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಬೆಂಗಳೂರಿಗೂ ಹೋಗಿಬಂದೆವು. ಕೊನೆಗೆ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಮಾಂಸಖಂಡವನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೈಯಲ್ಲಿ ಶುರುವಾಗಿದೆ, ಕಾಲಿಗೆ ಬರುತ್ತದೆ, ಆಮೇಲೆ ಮಾತಿಗೆ, ಕೊನೆಗೆ ಉಸಿರಿಗೆ. ಔಷಧಿ ಇಲ್ಲ. ಗೆಳೆಯ ಒಂದೇ ಪ್ರಶ್ನೆ ಕೇಳಿದ, ಎಡಗೈ ಎಷ್ಟು ದಿನ ಇರುತ್ತೆ ಅಂತ. ಹೇಳಕ್ಕಾಗಲ್ಲ ಅಂದರು ಡಾಕ್ಟರು.

ಮಾರನೇ ದಿನ ನೋಟ್‌ಬುಕ್ ತೆಗೆದು ಮೊದಲಿಂದ ಓದಿದೆ. ಕಣ್ಣೆದುರೇ ಇತ್ತಲ್ಲ ಎಲ್ಲ. ಮೇಷ್ಟ್ರು ಮೊಣಕೈ ಎತ್ತಿ ಒಂಬತ್ತು ತೆಗೆದಿದ್ದರು. ನರ್ಸಮ್ಮ ಒಮ್ಮೆ ಹನ್ನೊಂದು. ನನ್ನ ನಿಯಮದಿಂದ ಅವರಿಬ್ಬರಿಗೂ ಏನೂ ಆಗಿರಲಿಲ್ಲ. ನಾನು ಬರೆದುಕೊಂಡಿದ್ದೆ, ನೋಡಿರಲಿಲ್ಲ. ಫಲಿಸಿದ್ದು ನಿಯಮವಲ್ಲ. ಒಬ್ಬ ಮನುಷ್ಯನ ಕೈ ವಾರಕ್ಕಿಷ್ಟು ಅಂತ ಸಾಯುತ್ತಿತ್ತು, ನಾನು ಅದಕ್ಕೆ ಕೆಂಪು ಇಂಕಿನಲ್ಲಿ ಸರಿ ಗುರುತು ಹಾಕುತ್ತಾ ಬಂದಿದ್ದೆ. ಶೆಡ್ಡಿನ ಹಿಂದೆ ಹೋಗಿ ಗೋಡೆಗೆ ಒರಗಿ ಅತ್ತೆ.

ಆಟವನ್ನು ಬದಲಾಯಿಸುತ್ತೇನೆ ಅಂತ ಅವನಿಗೆ ಹೇಳಿದೆ. ಕೈ ಬೇಡ, ಉಸಿರು ಹಿಡಿಯುವುದೋ, ಹೇಳಿದ ಮಾತನ್ನು ಸರಪಣಿಯಂತೆ ನೆನಪಿಟ್ಟುಕೊಂಡು ಹೇಳುವುದೋ, ಏನಾದರೂ ಮಾಡೋಣ. ಇನ್ನೂ ಮೂರು ವಾರ ಇದೆ. ಅವನಿಗೆ ಸಿಟ್ಟು ಬಂದಿದ್ದನ್ನು ನಾನು ಮೊದಲು ನೋಡಿದ್ದೇ ಆವತ್ತು.

“ನಿಯಮ ಮುಟ್ಟುದ್ರೆ ನಾನು ಬರಾಕಿಲ್ಲ,” ಅಂದ. “ಎಲ್ರಿಗೂ ಏನೋ ಅದೇ ನಂಗೂ. ನನ್ನ ಸರದಿ ನಾನು ಆಡ್ತೀನಿ. ಯಜಮಾನ್ರಿಗೂ ಯೋಳ್ಬೇಡ.”

ಅವನು ಹಾಗೆ ಅಂದದ್ದಕ್ಕೆ ಕಾರಣ ಇತ್ತು. ಆಟವನ್ನು ಕಂಪನಿಯವರು ಒಪ್ಪಿದರೆ, ಊರೂರಿನ ಅಂಗಡಿಗೆ ಹೋಗಿ ಆಡಿ ತೋರಿಸಿಕೊಡುವ ಕೆಲಸಕ್ಕೆ ಅವನನ್ನು ಹಾಕುತ್ತೇನೆ ಅಂತ ಯಜಮಾನರು ಮಾತು ಕೊಟ್ಟಿದ್ದರು. ಲೇತ್ ಹೋದರೂ ತಟ್ಟೆಯ ಮುಂದಿನ ಜಾಗ ಇರುತ್ತದೆ ಅಂತ ಅವನು ಲೆಕ್ಕ ಹಾಕಿದ್ದ. ಎಡಗೈ ಇರುವಷ್ಟು ದಿನ, ಮಾತು ಇರುವಷ್ಟು ದಿನ. ಅವನಿಗೆ ಉಳಿದಿದ್ದ ಕೆಲಸ ಅದೊಂದೇ, ಅವನು ಮನುಷ್ಯರ ನಡುವೆ ಕೂರಬಹುದಾಗಿದ್ದ ಜಾಗವೂ ಅದೊಂದೇ. ಆ ಮೂರು ವಾರ ಭಾನುವಾರದ ಆಟ ಬೇಡ, ನಾನು ಮನೇಲಿ ಸುಧಾರಿಸಿಕೊಳ್ತೀನಿ ಅಂದ. ನಾವೂ ಒತ್ತಾಯ ಮಾಡಲಿಲ್ಲ.

ಆ ಶನಿವಾರ ಮೂರು ಗಂಟೆಗೆ ಶೆಡ್ಡಿನ ಪ್ಯಾಕಿಂಗ್ ರೂಮಿನಲ್ಲಿ ಕೂತೆವು. ಕಿಟಕಿಗೆ ರಟ್ಟು ಹೊಡೆದಿದ್ದೆವು. ಮೇಡಂ, ಅವರ ಪಾಲುದಾರರು ಇಬ್ಬರು, ಯಜಮಾನರು ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ರೈಲಿನ ಸಮಯ ನೋಡಿಕೊಂಡೇ ಶುರು ಮಾಡಿದೆ. ಕಥೆ ತಾನಾಗಿ ಹೊರಟಿತು.

ಗೆಳೆಯ ಅವತ್ತು ಎಡಗೈಯಲ್ಲಿ ಆಡಿದ. ಬಲಗೈಯನ್ನು ಪಂಚೆಯ ಮಡಿಲಲ್ಲಿ ಇಟ್ಟುಕೊಂಡಿದ್ದ. ಒಂದು, ಎರಡು, ಮೂರು. ನಿಧಾನ, ಆದರೆ ಸದ್ದಿಲ್ಲ. ಐದೂ ತೆಗೆದ. ಮೇಷ್ಟ್ರ ಮೇಲೆ ಮರಳು ಕುಸಿಯಿತು, ಅವರು ಎದ್ದು ಹೋಗಿ ಬಾಗಿಲ ಹತ್ತಿರ ನಿಂತರು. ನರ್ಸಮ್ಮ ಕೊನೇ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡರು. ಅವರನ್ನು ಹೊರಗೆ ತರಬೇಕಾದರೆ ದೀಪದವನು ಒಂದು ಹೆಜ್ಜೆ ಒಳಗಿಡಬೇಕು. ಅಂದರೆ ಒಂದು ಬೀಜ, ಆರನೆಯದು, ಮೊಣಕೈ ಎತ್ತಿ. ಒಳಗೆ ಹೋಗ್ತೀಯಾ ಅಂತ ನಿಯಮದ ಪ್ರಕಾರ ನಾನು ಕೇಳಬೇಕಿತ್ತು, ಕೇಳಿದೆ. ಹೋಗ್ತೀನಿ ಅಂದ.

ಮೊಣಕೈ ಎತ್ತಿದ. ಕೈ ರಾಶಿಯ ಮೇಲೆ ಬಂತು, ಅದುರಿತು. ಅವನು ಬೆರಳು ಇಳಿಸಲಿಲ್ಲ, ಹಾಗೇ ಹಿಡಿದುಕೊಂಡ. ನಿಂತಂತಾಯಿತು, ಬೆರಳು ಸ್ವಲ್ಪ ಇಳಿಯಿತು, ಮತ್ತೆ ಅದುರಿತು, ಮತ್ತೆ ಮೇಲೆತ್ತಿದ. ಹಣೆಯಿಂದ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು, ಅದನ್ನು ಒರೆಸಿಕೊಳ್ಳಲೂ ಕೈ ಇರಲಿಲ್ಲ ಅವನಿಗೆ. ಗೋಡೆಯ ಪಕ್ಕದವರು ಮುಂದಕ್ಕೆ ಬಾಗಿ ಕಣ್ಣರಳಿಸಿಕೊಂಡು ನೋಡುತ್ತಿದ್ದರು. ಒಬ್ಬ ಪಾಲುದಾರ ಖುಷಿಯಿಂದ ಮೇಡಂ ತೋಳು ಹಿಡಿದ. ಅವರಿಗೆ ಅದು ನಟನೆ. ನರ್ಸಮ್ಮ ನನ್ನನ್ನೇ ನೋಡುತ್ತಿದ್ದರು, ಅವರ ಕಣ್ಣಲ್ಲಿ ನೀರು ತುಂಬಿತ್ತು. ಯಾರೂ ಮಾತಾಡುವ ಹಾಗಿಲ್ಲ. ಅದು ನಾನು ಬರೆದ ನಿಯಮ, ಯಾವುದರ ಮೇಲೆ ಹೆಮ್ಮೆಪಟ್ಟಿದ್ದೆನೋ ಅದು.

ಎಷ್ಟು ಹೊತ್ತಾಯಿತೋ. ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಗುರುತಿಲ್ಲದ ಜನರ ಮುಂದೆ ಅವನ ಕೈ ಸೋಲುವುದನ್ನು ನೋಡಲಾರೆ ಅನ್ನಿಸಿತು. ಸೋತು, ಸದ್ದಾಯ್ತು ಅಂತ ಅವನೇ ಬಾಯಿಬಿಟ್ಟು ಹೇಳಬೇಕಾದದ್ದನ್ನು ಕೇಳಲಾರೆ ಅನ್ನಿಸಿತು. ನಾನು ಕೈ ಚಾಚಿ ತಟ್ಟೆಯನ್ನು ತಳ್ಳಿಬಿಟ್ಟೆ. ಬೀಜವೆಲ್ಲ ಸಿಮೆಂಟಿನ ಮೇಲೆ ಚೆಲ್ಲಾಪಿಲ್ಲಿಯಾಯಿತು, ತಟ್ಟೆ ಸುತ್ತಿ ಸುತ್ತಿ ಗೋಡೆಗೆ ಹೋಗಿ ಬಿತ್ತು. ಸಾಕು, ಮುಗೀತು ಅಂದೆ.

ಅವನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಕೆಳಗೆ, ತಟ್ಟೆಯ ಅಡಿಗೆ ಹಾಸಿದ್ದ ಕಂಬಳಿ ಮಾತ್ರ ಇತ್ತು. ನನ್ನ ಮುಖ ನೋಡಿದ.

“ನನ್ನ ಸರದಿ ಕಣ್ಲಾ ಅದು,” ಅಂದ.

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಎಡಗೈ ನೆಲಕ್ಕೂರಿ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾನು ಹಿಂದೆ ಓಡುವಷ್ಟರಲ್ಲಿ ಯಜಮಾನರು ತಡೆದು ಏನಯ್ಯಾ ಇದೆಲ್ಲ ಅಂತ ಕೇಳಿದರು. ಎಲ್ಲರೆದುರೂ ಕಾಯಿಲೆಯ ವಿಷಯ ನನ್ನ ಬಾಯಿಂದ ಬಂದುಬಿಟ್ಟಿತು, ಯೋಳ್ಬೇಡ ಅಂತ ಅವನು ಅಂದಿದ್ದರೂ. ಪಾಲುದಾರರ ಮುಖ ಇಳಿದುಹೋಯಿತು. ಯೋಚಿಸಿ ಹೇಳ್ತೀವಿ ಅಂದು ಹೋದವರು ಗೋಪುರಗಳನ್ನು ಮಾತ್ರ ಮಾಡಿಕೊಡಿ ಅಂತ ಪತ್ರ ಬರೆದರು. ಯಜಮಾನರು ಕೆಟ್ಟವರೇನಲ್ಲ. ಆದರೆ ಆಟವೇ ಇಲ್ಲದ ಮೇಲೆ ಅದನ್ನು ತೋರಿಸುವ ಕೆಲಸ ಎಲ್ಲಿಂದ ಬರಬೇಕು? ಲೇತಿಗೆ ಬೇರೆಯವನು ಬಂದ. ಬೀಜ, ತಟ್ಟೆ, ನೋಟ್‌ಬುಕ್ ಎಲ್ಲ ಒಂದು ರಟ್ಟಿನ ಡಬ್ಬಿಗೆ ಹಾಕಿ ನಾನು ಅಟ್ಟಕ್ಕೆ ಎಸೆದೆ. ಆಮೇಲೆ ಭಯದ ಆಟ ಅಂತ ಒಂದು ಸಾಲೂ ಬರೆಯಲಿಲ್ಲ.

ಭಾನುವಾರ ನರಸೀಪುರಕ್ಕೆ ಹೋಗುವುದನ್ನು ಮಾತ್ರ ನಾನು ಬಿಡಲಿಲ್ಲ. ಅವನೂ ಬರಬೇಡ ಅನ್ನಲಿಲ್ಲ. ರಾಜಕೀಯ, ಕ್ರಿಕೆಟ್ಟು, ಮೇಷ್ಟ್ರ ವರ್ಗಾವಣೆ, ಎಲ್ಲ ಮಾತಾಡಿದೆವು. ಆ ಶನಿವಾರದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿದ್ದರೆ ಏನನ್ನುತ್ತಿದ್ದೆ? ನಿನಗೆ ಅವಮಾನ ಆಗಬಾರದು ಅಂತ ಮಾಡಿದೆ ಕಣೋ ಅನ್ನುತ್ತಿದ್ದೆ. ಹಾಗೆ ಅಂದುಕೊಂಡೇ ನಾನು ನಿದ್ದೆ ಮಾಡುತ್ತಿದ್ದೆ. ವರ್ಷ ತುಂಬುವಷ್ಟರಲ್ಲಿ ಎಡಗೈಯೂ ಹೋಯಿತು. ಆಮೇಲೆ ಮಾತು ತೊದಲಿತು, ಹೆಂಡತಿಗೆ ಮಾತ್ರ ಅರ್ಥವಾಗುವ ಹಾಗಾಯಿತು. ಕೊನೆಕೊನೆಗೆ ನಾನು ಮಾತಾಡುತ್ತಿದ್ದೆ, ಅವನು ರೆಪ್ಪೆ ಮುಚ್ಚಿ ತೆಗೆಯುತ್ತಿದ್ದ. ಎರಡನೇ ವರ್ಷದ ಮಾಗಿಯಲ್ಲಿ ಹೋಗಿಬಿಟ್ಟ.

ತಿಥಿ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಅಭ್ಯಾಸಬಲದಿಂದ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಅವನ ಹೆಂಡತಿ ಕಾಫಿ ಕೊಟ್ಟು, ಬಾಗಿಲಿಗೆ ಒರಗಿ ಕೂತಳು. ಅಣ್ಣ ಒಂದು ಮಾತು ಕೇಳ್ಲಾ ಅಂದಳು. ಕೇಳಮ್ಮ ಅಂದೆ.

“ಆ ಬೆಂಗ್ಳೂರಿನವ್ರು ಬಂದಿದ್ ದಿವ್ಸ, ಅವ್ರ ಕೈಲಿ ತಗಿಯಕ್ಕೆ ಆಗ್ಲಿಲ್ವಾ?”

ಅವಳೇ ಮಾತು ಮುಂದುವರಿಸಿದಳು. ಅದಕ್ಕೆ ಮೊದಲಿನ ಮೂರು ವಾರ ಅವನು ಬೆಳಗಾಗೆದ್ದು ಅಡುಗೆಮನೆಯ ತಟ್ಟೆಗೆ ಬೀಜ ಸುರಿದುಕೊಂಡು ಎಡಗೈಯಲ್ಲಿ ಕಲಿಯುತ್ತಿದ್ದನಂತೆ. ಮೊದಮೊದಲು ಬರೀ ಸದ್ದೇ ಸದ್ದು. ಒಲೆಯ ಮುಂದೆ ಕೂತ ಅವಳು ಆ ಸದ್ದನ್ನು ಎಣಿಸುತ್ತಿದ್ದಳಂತೆ. ಕೊನೇ ವಾರ ಅವನೊಂದು ಉಪಾಯ ಕಂಡುಕೊಂಡನಂತೆ.

“ಕೈನ ಮೇಲೇನೇ ಇಡ್ಕಂಡು ಕಾಯೋರು ಅಣ್ಣ. ಅದು ಅದುರ್ತದೆ, ನಿಲ್ತದೆ, ಮತ್ತೆ ಅದುರ್ತದೆ. ಸುಸ್ತಾಗಿ ಒಂದ್ಸಲ ಪೂರ್ತಿ ನಿಂತೋಯ್ತದಂತೆ, ಆವಾಗ ತಗಿಯೋರು. ಮೊಣಕೈ ಎತ್ತೇ ಇರ್ತಿತ್ತು, ಹಂಗೇ ತಗೀಬೇಕಂತಲ್ಲ. ಒಂದಕ್ಕೆ ಎಷ್ಟೊತ್ತು ಆಗೋದು ಅಂತೀರಾ, ನಾನು ಮುದ್ದೆ ತಿರುವಿ ಇಳ್ಸೋ ಅಷ್ಟೊತ್ತು. ಆದ್ರೆ ಒಂದೂ ಸದ್ದಾಯ್ತಿರ್ಲಿಲ್ಲ. ಆ ಶನಿವಾರ ಬೆಳಗ್ಗೆ ತಟ್ಟೆಲಿದ್ದಿದ್ದನ್ನೆಲ್ಲ ತಗದು ಖಾಲಿ ಮಾಡಿ ನಂಗೆ ತೋರ್ಸುದ್ರು. ಅಂತದ್ರಲ್ಲಿ ಸಂಜೆ ಬಂದವ್ರು ಏನೂ ಹೇಳ್ದೆ ಮಲಿಕ್ಕೊಂಬುಟ್ರು. ಎರಡು ವರ್ಷ ಕೇಳಿದ್ದೀನಿ, ಹೇಳ್ಲೇ ಇಲ್ಲ. ಅಲ್ಲಿ ಏನಾಯ್ತು ಅಂತ ನೀವಾದ್ರೂ ಹೇಳಿ ಅಣ್ಣ. ಯಾಕಾಗ್ಲಿಲ್ಲ ಅವ್ರಿಗೆ?”

ಕಾಫಿ ಲೋಟ ಕೆಳಗಿಟ್ಟೆ. ಅವಳ ಮುಖ ನೋಡಲು ಆಗಲಿಲ್ಲ, ನೆಲ ನೋಡಿಕೊಂಡೇ ಹೇಳಿದೆ.

“ಆಗ್ತಿತ್ತು ಕಣಮ್ಮ. ನಾನು ಬಿಡಲಿಲ್ಲ.”